ಕೊಟ್ಟೂರಿಗೆ ಹೋದ ಎರಡನೇ ಕೀಲಿ

ನನ್ನ ಹೆಂಡತಿಯ ದನಿಯನ್ನು ಮೊದಲು ಒಯ್ದದ್ದು ರೋಗ. ಆಮೇಲೆ ಉಳಿದಿದ್ದಷ್ಟನ್ನು ಕಳೆದವನು ನಾನು. ಇದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಓಣಿಯವರು ಕೇಳಿದರೆ, ‘ಫೋನಿನಾಗ ಏನೋ ಮೋಸ ಆತು’ ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದೇನೆ.

ನಾವಿರುವುದು ಹಗರಿಬೊಮ್ಮನಹಳ್ಳಿಯಲ್ಲಿ. ನಾನು ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದೆ. ಅವಳು ಹಂಪಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಮ್ಮ ಕಡೆ ಮಕ್ಕಳು ಟೀಚರನ್ನು ಅಕ್ಕೋರು ಎನ್ನುತ್ತಾರೆ. ಮಕ್ಕಳು ಅಂದದ್ದನ್ನೇ ಅವರ ಅಪ್ಪ ಅಮ್ಮಂದಿರೂ, ಸಂತೆಯಲ್ಲಿ ಬದನೆಕಾಯಿ ಮಾರುವವರೂ ಅನ್ನುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಆದರೆ ಮನೆ ಎಂದೂ ಸುಮ್ಮನಿರಲಿಲ್ಲ, ಅವಳ ದನಿ ಅಷ್ಟು ದೊಡ್ಡದು. ಅಡುಗೆಮನೆಯಿಂದ ಅವಳು ನನ್ನನ್ನು ಕರೆದರೆ ಎದುರು ಮನೆಯವರು ‘ಹೋಗ್ರಿ, ಕರಿಯಾಕಹತ್ಯಾರ’ ಎಂದು ನಗುತ್ತಿದ್ದರು. ಕೆಲವು ವರ್ಷ ಅವಳು ಶಾಲೆಗೆ ಹೋಗುತ್ತಿದ್ದದ್ದು ನನ್ನ ಬಸ್ಸಿನಲ್ಲೇ. ಬಾಗಿಲ ಹತ್ತಿರ ಜನ ಒತ್ತಿ ನಿಂತರೆ ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡುತ್ತಿದ್ದಳು: ‘ಹಿಂದಕ ಸರೀರಿ, ಹಿಂದ ಎಷ್ಟು ಜಾಗ ಐತಿ ನೋಡ್ರಿ. ಮಕ್ಕಳು ಹತ್ತಬೇಕು!’ ನನ್ನ ಮಾತಿಗೆ ಅಲುಗಾಡದ ಜನ ಅವಳ ಮಾತಿಗೆ ಸರಿಯುತ್ತಿದ್ದರು. ಡ್ರೈವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, ‘ಸೀಟಿ ಅಕ್ಕೋರ ಕೈಯಾಗ ಕೊಟ್ಟುಬಿಡೋ’ ಎನ್ನುತ್ತಿದ್ದ.

ಒಂದು ಚಳಿಗಾಲದಲ್ಲಿ ಆ ದನಿ ಒಡೆಯಿತು. ಮೊದಮೊದಲು ಸೀಮೆಸುಣ್ಣದ ಪುಡಿ ಎಂದುಕೊಂಡೆವು. ಜ್ಯೇಷ್ಠಮಧು ಅಗಿದಳು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು, ನಾಲ್ಕು ದಿನ ರಜೆ ಹಾಕಿ ಮೌನವಾಗಿದ್ದಳು. ದನಿ ಬರಲಿಲ್ಲ. ಬೇಸಿಗೆ ರಜೆಯಲ್ಲಿ ದಾವಣಗೆರೆಗೆ ಕರೆದುಕೊಂಡು ಹೋದೆ. ಅಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ನನ್ನೊಬ್ಬನನ್ನೇ ಕರೆದಾಗ ಅವಳೂ ಎದ್ದು ಬಂದು ಕುರ್ಚಿ ಎಳೆದುಕೊಂಡು ಕುಳಿತಳು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಮಾಡಬೇಕು ಎಂದರು. ಜೀವಕ್ಕೆ ಅಪಾಯವಿಲ್ಲ, ಕ್ಯಾನ್ಸರ್ ಬೇರೆ ಕಡೆ ಹರಡುವ ಮೊದಲೇ ಬಂದಿದ್ದೀರಿ ಎಂದೂ ಹೇಳಿದರು. ಅವಳು ಆ ಒಡಕು ದನಿಯಲ್ಲೇ ಕೇಳಿದಳು:

‘ಮಾತು?’

ಡಾಕ್ಟರು, ‘ಇನ್ನೂ ಎರಡು ವಾರ ಟೈಮ್ ಇದೆಯಮ್ಮ. ಏನೇನು ಮಾತಾಡಬೇಕು ಅನಿಸುತ್ತದೋ ಎಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಕೆಲವರಿಗೆ ಆಮೇಲೆ ಅದು ಬೇಕು ಅನಿಸುತ್ತದೆ’ ಎಂದರು.

ಆ ಎರಡು ವಾರ ನಮ್ಮ ಪಡಸಾಲೆ ರೇಡಿಯೊ ಸ್ಟೇಷನ್ನಿನಂತಾಗಿತ್ತು. ಬೀದಿಯ ಸದ್ದು ಬರಬಾರದೆಂದು ಕಿಟಕಿ ಮುಚ್ಚಿ, ದಿಂಬಿನ ಮೇಲೆ ಫೋನು ಇಟ್ಟು ಮಾತಾಡುತ್ತಿದ್ದಳು. ಎರಡನೇ ತರಗತಿಯ ಪಾಠಗಳನ್ನು ಓದಿದಳು. ಇಪ್ಪತ್ತರವರೆಗೆ ಮಗ್ಗಿ ಹೇಳಿದಳು. ಶೇಂಗಾ ಚಟ್ನಿ ಕುಟ್ಟುವಾಗ ಬೆಳ್ಳುಳ್ಳಿ ಯಾವಾಗ ಹಾಕಬೇಕೆಂದು ಹೇಳಿದಳು. ತನ್ನ ಅವ್ವನನ್ನು ಕರೆಯುತ್ತಿದ್ದ ಹಾಗೆ ಒಮ್ಮೆ ‘ಯವ್ವಾ’ ಎಂದು ಕರೆದು, ನಿಲ್ಲಿಸಿ, ಮತ್ತೆ ಕರೆದಳು. ನನಗೊಂದು ಬೈಗುಳವೂ ಇತ್ತು: ‘ನಗಬ್ಯಾಡ್ರಿ, ಮೊದ್ಲ ಆ ಫ್ಯಾನ್ ಆರಿಸ್ರಿ, ಅದರ ಸಪ್ಪಳ ಒಳಗ ಬರ್ತೈತಿ.’ ಬೇಕೆಂದು ಹೇಳಿದ್ದಲ್ಲ ಅದು, ಆದರೂ ಅಳಿಸದೆ ಇಟ್ಟಳು. ಒಟ್ಟು ನಲವತ್ತಮೂರು ತುಣುಕುಗಳಾದವು. ಅವಳ ಫೋನು ತುಂಬಿಹೋಗಿದ್ದರಿಂದ ಎಲ್ಲವನ್ನೂ ಅವಳ ಮೇಲ್ ಖಾತೆಯಲ್ಲಿ ಫೈಲು ಇಡುವ ಜಾಗಕ್ಕೆ ಏರಿಸಿದೆವು. ಆಸ್ಪತ್ರೆಗೆ ಹೊರಡುವ ಮುಂಚೆ ಫೋನಿನಲ್ಲಿದ್ದವನ್ನು ನಾನೇ ಅಳಿಸಿ ಜಾಗ ಮಾಡಿದೆ. ಖಾತೆಯಲ್ಲಿ ಇವೆಯಲ್ಲ ಎಂಬ ಧೈರ್ಯ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಕುತ್ತಿಗೆಯ ತೂತಿನ ಮೇಲೆ ತೆಳು ಬಟ್ಟೆಯೊಂದನ್ನು ಕಟ್ಟಿಕೊಳ್ಳುತ್ತಿದ್ದಳು. ಗಂಟಲಿಗೆ ಒತ್ತಿ ಹಿಡಿದರೆ ಮಾತಾಡಿಸುವ ಯಂತ್ರವನ್ನೂ ತಂದಿದ್ದೆವು. ಅದರಿಂದ ಬಂದ ಗುಯ್ ಎನ್ನುವ ದನಿ ಕೇಳಿ ಮುಖ ಕಿವುಚಿ ಕಪಾಟಿನಲ್ಲಿ ಇಟ್ಟುಬಿಟ್ಟಳು. ಶಾಲೆಯ ಕೆಲಸ ಬಿಟ್ಟಳು, ನಾನೂ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮಾತಿಗೆ ಒಂದು ಸ್ಲೇಟು ಬಂತು. ಮೊದಲ ತಿಂಗಳು ಅವಳು ಪಾಠಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದಳು. ‘ನನಗೆ ನೀರು ಬೇಕು’ ಎಂದು ಬರೆದು ಕೊನೆಗೆ ಚುಕ್ಕಿಯನ್ನೂ ಇಡುವಳು. ಟೀಚರಾಗಿ ಬರೆದ ಕೈಗೆ ಬರೆಯುವಾಗ ಬೇರೆ ಭಾಷೆ ಗೊತ್ತಿರಲಿಲ್ಲ. ಒಂದು ದಿನ ಸ್ಲೇಟಿನ ಮೇಲೆ ‘ಏನ್ರಿ, ಉಪ್ಪು ಭಾಳ ಹಾಕೀರಿ’ ಎಂದು ಬಂತು. ನಾನು ಆ ಸ್ಲೇಟು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಅತ್ತುಬಂದೆ.

ಅವಳಿಗೆ ಬರುವ ಫೋನುಗಳನ್ನು ನಾನು ಎತ್ತತೊಡಗಿದೆ. ಬೇರೆ ದಾರಿಯೇನಿತ್ತು? ಶಾಲೆಯವರು, ಬ್ಯಾಂಕಿನವರು, ಗ್ಯಾಸಿನವರು, ಯಾರೇ ಮಾಡಲಿ, ‘ಅವರಿಗೆ ಮಾತು ಬರಂಗಿಲ್ರಿ, ನಾನ ಅವರ ಮನಿಯವರು, ಹೇಳ್ರಿ’ ಎನ್ನುವುದು ನನಗೆ ರೂಢಿಯಾಗಿತ್ತು.

ಆ ದಿನ ಬೆಳಿಗ್ಗೆ ಅವಳು ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಳು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಫೋನು ಬಂತು. ಮಾತಾಡಿದವನದು ಬಹಳ ಮರ್ಯಾದೆಯ ಕನ್ನಡ.

‘ಮೇಡಂ ಇದ್ದಾರಾ ಸರ್? ಅವರ ಮೇಲ್ ಖಾತೆಯಲ್ಲಿ ಜಾಗ ತುಂಬಿಹೋಗಿದೆ. ಇವತ್ತು ಸಂಜೆಯೊಳಗೆ ಖಾತೆ ಅವರದೇ ಎಂದು ದೃಢಪಡಿಸದಿದ್ದರೆ ಫೈಲುಗಳೆಲ್ಲ ಅಳಿಸಿಹೋಗುತ್ತವೆ.’

ಜಾಗ ತುಂಬಿದೆ ಎಂಬ ಸೂಚನೆ ಅವಳ ಫೋನಿನಲ್ಲಿ ವಾರದಿಂದ ಬರುತ್ತಿದ್ದದ್ದು ನಿಜ.

‘ಅಳಿಸಬ್ಯಾಡ್ರಿ ಸರ್. ಅದರಾಗ ಅವರ ದನಿ ಐತ್ರಿ. ಅವರಿಗೆ ಈಗ ಮಾತು ಬರಂಗಿಲ್ಲ.’

‘ಅಯ್ಯೋ, ಹೌದಾ ಸರ್? ಚಿಂತೆ ಮಾಡಬೇಡಿ. ಈಗ ಫೋನಿಗೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ. ನೀವೇ ಓದಿ ಹೇಳಿ ಸಾಕು.’

ಸಂಖ್ಯೆ ಬಂತು. ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದೆ. ಅವನು ಥ್ಯಾಂಕ್ಸ್ ಹೇಳಿ ಇಟ್ಟ. ಆ ಮೇಲೆ ನಾನು ಜೋಳದ ಮೊರ ಎತ್ತಿಕೊಂಡು ಮತ್ತೆ ಹಸನು ಮಾಡತೊಡಗಿದೆ. ಅವಳಿಗೆ ತೊಂದರೆ ಕೊಡದೆ ಒಂದು ಕೆಲಸ ಮುಗಿಸಿದೆನೆಂದು ನನಗೆ ಸಮಾಧಾನವೂ ಆಗಿತ್ತು.

ಅರ್ಧ ಗಂಟೆಯಲ್ಲಿ ಖಾತೆ ಮುಚ್ಚಿಕೊಂಡಿತು. ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದಿತು. ಆ ಸಂಖ್ಯೆ ಬಳಸಿ ಅವನು ಪಾಸ್‌ವರ್ಡ್ ಬದಲಿಸಿದ್ದ, ಫೋನ್ ನಂಬರನ್ನೂ ಬದಲಿಸಿದ್ದ. ನನಗೆ ಅದು ತಿಳಿದದ್ದು ಮರುದಿನ, ಅವಳ ಗೆಳತಿಯೊಬ್ಬರ ಹತ್ತಿರ ಹೋದಾಗ. ಅವರು ಊರಿನ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ, ನನ್ನ ಹೆಂಡತಿಗಿಂತ ಹತ್ತು ವರ್ಷ ಸಣ್ಣವರು. ಕೇಳಿ ಅವರು ಕಣ್ಣು ಮುಚ್ಚಿಕೊಂಡರು. ‘ಅಣ್ಣಾರ, ಆ ನಂಬರ್ ಯಾರಿಗೂ ಹೇಳಬಾರದ್ರಿ’ ಎಂದರು. ಇಬ್ಬರೂ ಸೇರಿ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟೆವು. ಖಾತೆ ವಾಪಸ್ ಪಡೆಯಲು ಏನೇನು ತುಂಬಬೇಕೋ ಎಲ್ಲವನ್ನೂ ಅವರೇ ತುಂಬತೊಡಗಿದರು.

ಮನೆಯಲ್ಲಿ ನಾನು ಹೇಳಲಿಲ್ಲ.

ಅವಳು ಆ ತುಣುಕುಗಳನ್ನು ಕೇಳುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡೇ ಬಂದು ಫೋನಿನ ಪರದೆ ತೋರಿಸಿದಳು. ಆಗ ಗೊತ್ತಾಯಿತು, ನಾನು ಮಲಗಿದ ಮೇಲೆ ದಿನವೂ ಕೇಳುತ್ತಿದ್ದಳು. ನಾನು, ‘ನೆಟ್ ಇಲ್ಲ, ನಾಳಿ ಬರ್ತೈತಿ’ ಎಂದೆ. ಮರುದಿನವೂ ಕೇಳಿದಳು. ‘ಟವರಿನಾಗ ಏನೋ ಆಗೈತಂತ’ ಎಂದೆ. ಹೀಗೆ ಆರು ದಿನ ಸುಳ್ಳು ಹೇಳಿದೆ. ಅವಳ ಗೆಳತಿಗೆ ನಾನು ಮುಚ್ಚಿಟ್ಟಿರುವುದು ಗೊತ್ತಿರಲಿಲ್ಲ. ಏಳನೇ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅಂದುಬಿಟ್ಟರು:

‘ಅಕ್ಕೋರ, ಚಿಂತಿ ಮಾಡಬ್ಯಾಡ್ರಿ. ಖಾತೆ ಹೆಂಗರ ಮಾಡಿ ವಾಪಸ್ ತರಸೂಣು.’

ನನ್ನ ಹೆಂಡತಿ ಅವರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಕುಳಿತಲ್ಲೇ ಎಲ್ಲವನ್ನೂ ಹೇಳಿದೆ, ಫೋನು ಬಂದದ್ದು, ಸಂಖ್ಯೆ ಓದಿದ್ದು, ಸುಳ್ಳು. ಅವಳು ಕೇಳಿ ಮುಗಿಸಿ, ಎದ್ದು, ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಳು. ಅಲ್ಲಿಂದ ಹನ್ನೊಂದು ದಿನ ಅವಳು ನನ್ನೊಂದಿಗೆ ಮಾತು ಬಿಟ್ಟಳು. ದನಿ ಇಲ್ಲದವರು ಮಾತು ಬಿಡುವುದು ಹೇಗಿರುತ್ತದೆಂದು ಆಗಲೇ ನನಗೆ ತಿಳಿದದ್ದು. ನನ್ನನ್ನು ಕರೆಯಲು ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದಳು, ಅದೂ ನಿಂತಿತು. ರೊಟ್ಟಿ ಬಡಿದು ತಟ್ಟೆಯಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ‘ನಂದು ತಪ್ಪಾತು, ಏನರ ಬರಿ’ ಎಂದು ಸ್ಲೇಟು ಇಳಿಸಿ ಕೈಗೆ ಕೊಟ್ಟೆ. ಮತ್ತೆ ಅದೇ ಅರೆಯಲ್ಲಿ ಇಟ್ಟಳು.

ಆ ದಿನಗಳ ಮಧ್ಯದಲ್ಲೇ ಖಾತೆ ವಾಪಸ್ ಬಂತು. ಅವಳ ಹಳೆಯ ಲ್ಯಾಪ್‌ಟಾಪಿನಿಂದ ಹಿಂದೆ ಆ ಖಾತೆ ತೆರೆಯುತ್ತಿದ್ದದ್ದು ಕೆಲಸಕ್ಕೆ ಬಂತೆಂದು ಗೆಳತಿ ಹೇಳಿದರು. ಮೂವರೂ ಕುಳಿತು ತೆರೆದೆವು. ಒಳಗೆ ಏನೂ ಇರಲಿಲ್ಲ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಬರಿದು ಮಾಡಿದ್ದ. ಅವನಿಗೆ ಆ ದನಿಯಿಂದ ಏನಾಗಬೇಕಿತ್ತು? ಕೇಳಿಯಾದರೂ ಅಳಿಸಿದನೋ, ಕೇಳದೆಯೇ ಅಳಿಸಿದನೋ! ಅಳಿಸಿದ ಫೈಲುಗಳನ್ನು ಮರಳಿ ಕೊಡಿ ಎಂದು ಗೆಳತಿ ಕಂಪನಿಗೆ ಎರಡು ಸಲ ಬರೆದರು, ಸಿಗಲಿಲ್ಲ.

ಗೆಳತಿ ಬೇರೆ ದಾರಿ ಹಿಡಿದರು. ಅವಳೊಂದಿಗೆ ಕೆಲಸ ಮಾಡಿದ ಟೀಚರುಗಳಿಗೆಲ್ಲ ಫೋನು ಮಾಡಿ, ‘ಅಕ್ಕೋರು ಯಾವಾಗರ ಕಳಿಸಿದ ವಾಯ್ಸ್ ಮೆಸೇಜ್ ಅದಾವೇನು, ಹುಡುಕ್ರಿ’ ಎಂದು ಕೇಳಿದರು. ಬಹಳ ಜನ ಅಳಿಸಿದ್ದರು. ನಾಲ್ಕೈದು ದಿನ ಹುಡುಕಿ ಸಿಕ್ಕದ್ದು ಐದು. ಒಂದರಲ್ಲಿ ಹೆಡ್‌ಮಾಸ್ತರಿಗೆ ರಜೆ ಕೇಳಿದ್ದಳು. ಒಂದರಲ್ಲಿ ಯಾರದೋ ಮಗಳ ಹುಟ್ಟುಹಬ್ಬಕ್ಕೆ ಒಳ್ಳೆಯದಾಗಲಿ ಎಂದಿದ್ದಳು. ಕೊಟ್ಟೂರಿನಲ್ಲಿರುವ ಅವಳ ತಂಗಿಯ ಹತ್ತಿರ ಎರಡಿದ್ದವು, ಎರಡೂ ಜಗಳ: ‘ಏಯ್, ಫೋನ್ ಯಾಕ ಎತ್ತವಲ್ಲಿ? ಸತ್ತೀಯೋ ಬದುಕೀಯೋ?’ ಐದನೆಯದು ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಿಗೆ ಕಳಿಸಿದ್ದು.

ಹನ್ನೊಂದನೇ ದಿನ ಗೆಳತಿ ಆ ಐದನೆಯದನ್ನು ಜೋರಾಗಿ ಹಾಕಿದರು.

‘ಎಲ್ಲಾರೂ ಕೇಳ್ರಿ. ನಾಳಿ ಮಕ್ಕಳಿಗೆ ಹುಳದ ಗುಳಿಗಿ ಕೊಡ್ತೀವಿ. ಖಾಲಿ ಹೊಟ್ಟೀಲೆ ಕಳಸಬ್ಯಾಡ್ರಿ, ಉಣಿಸಿ ಕಳಸ್ರಿ. ಆಮ್ಯಾಗ ನಮಗ ಹೇಳಿಲ್ಲ ಅನಬ್ಯಾಡ್ರಿ ಮತ್ತ!’

ಅದು ರೋಗ ಬರುವ ಮುಂಚಿನ ದನಿ. ನಲವತ್ತಮೂರು ತುಣುಕುಗಳಲ್ಲಿ ಇದ್ದದ್ದು ಒಡಕು ದನಿ, ಇದರಲ್ಲಿ ಒಂದು ಬಿರುಕೂ ಇರಲಿಲ್ಲ. ಬಸ್ಸಿನ ಹಿಂದಿನ ಸೀಟಿನವರೆಗೂ ಮುಟ್ಟುತ್ತಿದ್ದ ದನಿ. ಅವಳು ಕುತ್ತಿಗೆಯ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಮತ್ತೊಮ್ಮೆ ಹಾಕುವಂತೆ ಬೆರಳಲ್ಲೇ ಸನ್ನೆ ಮಾಡಿದಳು. ಮೂರನೇ ಸಲ ಕೇಳಿ ಮುಗಿದ ಮೇಲೆ ಹೋಗಿ ಸ್ಲೇಟು ಇಳಿಸಿ ತಂದು ಬರೆದು, ನನ್ನ ಕಡೆ ತಿರುಗಿಸಿದಳು.

‘ಇದನ್ನೂ ಕಳಕೋಬ್ಯಾಡ್ರಿ.’

ಕೀಲಿಯ ಮಾತು ಬಂದದ್ದು ಆಗ. ಗೆಳತಿ ಹೇಳಿದರು, ‘ಅಕ್ಕೋರ, ಕೈಯಾಗ ಹಿಡಿಯೂ ಕೀಲಿ ಬರ್ತಾವು. ಪೆನ್‌ಡ್ರೈವ್ ಇದ್ದಂಗ ಇರ್ತೈತಿ. ಅದನ್ನ ಲ್ಯಾಪ್‌ಟಾಪಿಗೆ ಸಿಗಸಿ ಮುಟ್ಟಿದ್ರ ಮಾತ್ರ ಖಾತೆ ತೆರೀತೈತಿ. ಫೋನಿಗೆ ನಂಬರ್ ಬರೂದು ಬಂದ್ ಮಾಡಿಬಿಡೂಣು. ಯಾರರ ಫೋನ್ ಮಾಡಿ ಕೇಳಿದ್ರ, ಹೇಳಾಕ ಇರೂದ ಇಲ್ಲ.’

‘ಕೀಲಿ ಕಳದ್ರ?’ ಎಂದು ನಾನು ಕೇಳಿದೆ.

‘ಅದಕ್ಕ ಎರಡು ತರಸಬೇಕ್ರಿ ಅಣ್ಣಾರ. ಒಂದು ಕೈಯಾಗ, ಇನ್ನೊಂದು ನಂಬಿಗಸ್ತರ ಕಡಿ. ಎರಡೂ ಕಳದ್ರ ನಮಗೂ ತೆರಿಯಾಕ ಭಾಳ ಕಷ್ಟ ಆಗ್ತೈತಿ.’

ವಾರದ ನಂತರ ಕೊರಿಯರಿನಲ್ಲಿ ಎರಡು ಕೀಲಿಗಳು ಬಂದವು. ಬೆರಳಿನ ಗೆಣ್ಣಿನಷ್ಟು ಅಗಲ, ಕಪ್ಪು ಬಣ್ಣ, ನಡುವೆ ಹಿತ್ತಾಳೆಯ ಹಾಗೆ ಹೊಳೆಯುವ ಒಂದು ಬಿಲ್ಲೆ. ಭಾನುವಾರ ಗೆಳತಿ ಬಂದರು. ಪಡಸಾಲೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ಐದು ತುಣುಕುಗಳನ್ನು ಖಾತೆಗೆ ಏರಿಸಿದರು. ಒಂದು ಪ್ರತಿಯನ್ನು ತಮ್ಮ ಹತ್ತಿರವೂ ಇಟ್ಟುಕೊಂಡರು. ಆಮೇಲೆ ಖಾತೆಯ ಭದ್ರತೆಯ ಪುಟ ತೆರೆದು, ‘ಈಗ ಸಿಗಸ್ರಿ ಅಕ್ಕೋರ’ ಎಂದರು.

ಅವಳು ಮೊದಲನೇ ಕೀಲಿ ಸಿಕ್ಕಿಸಿದಳು. ಪರದೆ ಒಂದು ಗುಪ್ತಸಂಖ್ಯೆ ಆರಿಸಿಕೊಳ್ಳಲು ಕೇಳಿತು. ಈ ಸಂಖ್ಯೆ ಕೀಲಿಯದು, ಕೀಲಿ ಕೈಯಲ್ಲಿಲ್ಲದೆ ಇದರಿಂದ ಏನೂ ಆಗುವುದಿಲ್ಲ ಎಂದು ಗೆಳತಿ ವಿವರಿಸಿದರು. ನನ್ನ ಹೆಂಡತಿ ಕೇಳಿಕೊಂಡಳು. ಆಮೇಲೆ ಲ್ಯಾಪ್‌ಟಾಪನ್ನು ನಿಧಾನವಾಗಿ ತನ್ನ ಕಡೆ ತಿರುಗಿಸಿಕೊಂಡಳು, ಕೀಬೋರ್ಡಿನ ಮೇಲೆ ಎಡಗೈ ಮರೆ ಮಾಡಿ ಒತ್ತಿದಳು. ಪರೀಕ್ಷೆಯಲ್ಲಿ ಪಕ್ಕದ ಹುಡುಗ ನೋಡದಂತೆ ಮಕ್ಕಳು ಮರೆ ಮಾಡುತ್ತಾರಲ್ಲ, ಹಾಗೆ. ಗೆಳತಿ ತಲೆ ತಗ್ಗಿಸಿದರು. ನಾನು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕುಳಿತೆ.

ಬಿಲ್ಲೆ ಮಿನುಗತೊಡಗಿತು. ಅವಳು ಬೆರಳಿಟ್ಟಳು. ಏನೂ ಆಗಲಿಲ್ಲ. ಮತ್ತೆ ಇಟ್ಟಳು, ಆಗಲೂ ಇಲ್ಲ. ‘ಬೆರಳು ಒಣಗಿರಬೇಕು, ಸ್ವಲ್ಪ ಒದ್ದಿ ಮಾಡ್ಕೊಳ್ರಿ’ ಎಂದು ಗೆಳತಿ ಅಂದರು. ಸೆರಗಿನಲ್ಲಿ ಬೆರಳು ಒರೆಸಿ, ತುಟಿಗೆ ತಾಗಿಸಿಕೊಂಡು ಮುಟ್ಟಿದಳು. ಪರದೆ ಒಪ್ಪಿಕೊಂಡಿತು, ಈ ಕೀಲಿಗೆ ಒಂದು ಹೆಸರು ಕೊಡಿ ಎಂದು ಕೇಳಿತು. ಗೆಳತಿ ನಗುತ್ತ ‘ಅಕ್ಕೋರು’ ಎಂದು ಬರೆದರು. ಎರಡನೆಯದನ್ನೂ ಹಾಗೇ ಸಿಕ್ಕಿಸಿ, ಮುಟ್ಟಿ ಆಯಿತು. ಮತ್ತೆ ಹೆಸರು ಕೇಳಿತು.

‘ಇದಕ್ಕ ಅಣ್ಣಾರ ಹೆಸರು ಹಾಕಲೇನ್ರಿ?’

ನಾನು ಕೈ ಅಂಗಿಯ ಜೇಬಿನ ಹತ್ತಿರ ಒಯ್ದಿದ್ದೆ, ಎಲ್ಲಿ ಇಟ್ಟುಕೊಳ್ಳಲಿ ಎಂಬ ಯೋಚನೆಯಲ್ಲಿ. ಅವಳು ಸ್ಲೇಟಿನ ಮೇಲೆ ಬರೆದಳು: ‘ತಂಗಿ.’

ಗೆಳತಿಯ ಕೈ ಕೀಬೋರ್ಡಿನ ಮೇಲೆ ಸುಮ್ಮನೆ ನಿಂತಿತ್ತು. ಕಡೆಗೆ ನಾನೇ, ‘ಬರೀರಿ, ಅದು ಸರಿ ಐತಿ’ ಎಂದೆ. ಅವರು ಬರೆದರು. ಕೀಲಿಗಳೆರಡೂ ಕಳೆದರೆ ಬೇಕಾಗಬಹುದೆಂದು ಒಂದು ಹಾಳೆಯಲ್ಲಿ ಕೆಲವು ಸಂಖ್ಯೆಗಳನ್ನು ಬರೆದುಕೊಟ್ಟರು. ಅದನ್ನೂ ಅವಳು ನಾಲ್ಕು ಮಡಿಕೆ ಮಾಡಿ ತನ್ನ ಪೆಟ್ಟಿಗೆಯಲ್ಲಿ ಇಟ್ಟಳು. ನಾನು ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಮಂಗಳವಾರ ಇಬ್ಬರೂ ಕೊಟ್ಟೂರಿಗೆ ಹೊರಟೆವು. ಬಸ್ಸು ತುಂಬಿತ್ತು. ಬಾಗಿಲಲ್ಲಿ ಜನ ಒತ್ತಿ ನಿಂತಿದ್ದರು. ಹೊಸ ಕಂಡಕ್ಟರ್ ಸೀಟಿ ಊದಿ ಊದಿ ಸೋತ. ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಕೀಲಿ ಅವಳ ಮುಷ್ಟಿಯಲ್ಲೇ ಇತ್ತು, ಚೀಲಕ್ಕೂ ಹಾಕಿರಲಿಲ್ಲ.

ಅವಳ ತಂಗಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹೊಲಿಗೆ ನಿಲ್ಲಿಸಿ, ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಗೊತ್ತಿದ್ದಷ್ಟು ವಿವರಿಸಿದೆ. ಕೇಳಿ ಅವಳಿಗೆ ಆಶ್ಚರ್ಯ.

‘ಅಲ್ಲ ಮಾವಾರ, ಮನ್ಯಾಗ ನೀವ ಇರುವಾಗ ನನ್ನ ಕಡಿ ಯಾಕ? ನನಗೇನು ತಿಳೀತೈತಿ ಇದರಾಗ?’

ಅಕ್ಕ ಸ್ಲೇಟಿನ ಮೇಲೆ ‘ಇಟ್ಕೋ ಅಷ್ಟ’ ಎಂದು ಬರೆದಳು. ತಂಗಿ ಅಕ್ಕನ ಮುಖ, ನನ್ನ ಮುಖ ನೋಡಿದಳು. ಏನೋ ಅರ್ಥವಾದಂತೆ ಮತ್ತೆ ಕೇಳಲಿಲ್ಲ. ಗೋಡೆಯ ದೇವರ ಗೂಡಿನಲ್ಲಿ ವಿಭೂತಿ ಇಡುವ ಡಬ್ಬಿಯ ಪಕ್ಕ, ಅರಿವೆಯ ಚೂರಿನಲ್ಲಿ ಸುತ್ತಿ ಇಟ್ಟಳು. ಊಟಕ್ಕೆ ಎಬ್ಬಿಸುವಾಗ ನನಗೊಬ್ಬನಿಗೇ ಕೇಳುವಂತೆ, ‘ಅಕ್ಕನ ಮನಸು ಒಂದಿವಸ ತಿಳಿ ಆಗ್ತೈತ್ರಿ’ ಎಂದಳು.

ಇದೆಲ್ಲ ಆಗಿ ಒಂದೂವರೆ ವರ್ಷವಾಯಿತು. ಅವಳ ಆರೋಗ್ಯ ಚೆನ್ನಾಗಿದೆ, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿಬರುತ್ತೇವೆ. ಫೋನು ಬಂದರೆ ಈಗ ಅವಳು ನನ್ನ ಕೈಗೆ ಕೊಡುವುದಿಲ್ಲ. ಕಟ್ ಮಾಡಿ, ‘ಬರೆದು ಕಳಿಸಿ’ ಎಂದು ಮೆಸೇಜು ಹಾಕುತ್ತಾಳೆ. ನಾವಿಬ್ಬರೂ ಮಾತಾಡುತ್ತೇವೆ. ಸ್ಲೇಟಿನ ಮೇಲೆ ಜೋಳದ ರೇಟು ಬರುತ್ತದೆ, ಪಕ್ಕದ ಮನೆಯ ಮದುವೆ ಬರುತ್ತದೆ, ನನ್ನ ಅಡುಗೆಯ ತಪ್ಪು ಬರುತ್ತದೆ. ಒಮ್ಮೊಮ್ಮೆ ನಗುತ್ತಾಳೆ ಕೂಡ. ಸದ್ದಿಲ್ಲದ ನಗು, ಭುಜ ಮಾತ್ರ ಅಲುಗುತ್ತದೆ.

ಕಳೆದ ವಾರ ಧೈರ್ಯ ಮಾಡಿ, ‘ಒಂದ್ಸಲ ಕೇಳಬೇಕು ಅನಿಸೇತಿ’ ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಒಳಗಿನಿಂದ ಕೀಲಿ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಸಂಖ್ಯೆ ಒತ್ತುವಾಗ ನಾನಾಗಿಯೇ ಮುಖ ತಿರುಗಿಸಿದೆ. ಖಾತೆ ತೆರೆಯಿತು. ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೆ, ಇನ್ನೊಂದನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಹುಳದ ಗುಳಿಗೆಯ ಮಾತು ಕೇಳಿದೆವು. ಅರ್ಧ ನಿಮಿಷವೂ ಇಲ್ಲ. ಮುಗಿದ ಮೇಲೆ ಖಾತೆ ಮುಚ್ಚಿ, ಕೀಲಿ ಕಿತ್ತುಕೊಂಡು ಒಳಗೆ ಹೋದಳು.

ತಪ್ಪಾಯಿತೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅದಕ್ಕೆ ಉತ್ತರವಾಗಿ ಅವಳು ಇನ್ನೂ ಏನೂ ಬರೆದಿಲ್ಲ. ಬರಿ ಎಂದು ನಾನೂ ಈಗ ಒತ್ತಾಯ ಮಾಡುವುದಿಲ್ಲ.